ಅಲ್ಲಿ ಮುಗಿದ ಮದುವೆ

ಫೆಬ್ರವರಿ 11, ಮಂಗಳವಾರ

ಮೆಲ್ಬೋರ್ನ್ ಕೋರ್ಟು ಯಶ್ವಂತನಿಗೆ ಕೊಟ್ಟ ವಿಚ್ಛೇದನದ ಕಾಗದವನ್ನು ಇವತ್ತು ಬಸವೇಶ್ವರನಗರದ ಲಾಯರ್ ಮೇಡಂ ಮುಂದಿಟ್ಟೆ. ಅವರು ಎರಡು ಸಲ ಓದಿ ಕನ್ನಡಕ ತೆಗೆದರು.

“ಅಲ್ಲಿ ಕೇಸ್ ನಡೆದಾಗ ನೀವು ಹೋಗಿರ್ಲಿಲ್ಲ, ಒಪ್ಪಿಗೇನೂ ಕೊಟ್ಟಿರ್ಲಿಲ್ಲ. ಇದು ಇಲ್ಲಿ ನಡೆಯಲ್ಲ ಕೀರ್ತನಾ. ನಮ್ಮ ಕಾನೂನಿನ ಪ್ರಕಾರ ನೀವಿನ್ನೂ ಅವರ ಹೆಂಡತೀನೇ.”

ಅವನು ಅಲ್ಲಿ ಮತ್ತೆ ಮದುವೆಯಾಗಿದ್ದಾನೆ, ಮಗುವೂ ಇದೆ. ಒಂದೇ ಮದುವೆ ಅವನ ಪಾಲಿಗೆ ಮುಗಿದು ನನ್ನ ಪಾಲಿಗೆ ಉಳಿಯುವುದು ಹೇಗೆ? ನಾನು ಅಮರೇಶನನ್ನು ಮದುವೆಯಾಗಬೇಕಾದರೆ ಇಲ್ಲಿ ಹೊಸದಾಗಿ ಕೇಸು ಹಾಕಬೇಕಂತೆ. ಏನಿಲ್ಲವೆಂದರೂ ಎರಡು ವರ್ಷವಂತೆ. ಅಲ್ಲೇ ವಕಾಲತ್ತಿಗೆ ಸಹಿ ಹಾಕಿದೆ.

ಹೊರಗೆ ಬಂದು ಅಮರೇಶನಿಗೆ ಫೋನ್ ಮಾಡಿದೆ. ಬಹಳ ಹೊತ್ತು ಅವನು ಮಾತಾಡಲಿಲ್ಲ. ಆಮೇಲೆ, “ಆಗ್ಲಿ ಬಿಡು, ಕಾಯೂಣಂತ” ಎಂದ. ಅದಕ್ಕೆ ಮುಂಚಿನ ಆ ಮೌನವೇ ಇನ್ನೂ ಕಿವಿಯಲ್ಲಿದೆ.

ಮನೆಗೆ ಬಂದು ಲಾಯರ್ ಹೇಳಿದ್ದನ್ನು ಅಮ್ಮನಿಗೆ ಹೇಳಿದೆ. ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ತಲೆಯೆತ್ತಿದಳು. ಯಶ್ವಂತ್ ಬಿಟ್ಟುಹೋದ ಈ ನಾಲ್ಕು ವರ್ಷದಲ್ಲಿ ಅವಳ ಮುಖ ಅಷ್ಟು ಗೆಲುವಾದದ್ದನ್ನು ನಾನು ನೋಡಿರಲಿಲ್ಲ.

“ಹಾಗಾದ್ರೆ ಅವರು ಇನ್ನೂ ನಮ್ಮ ಅಳಿಯಾನೇ ಅಲ್ವೇನೇ?”

“ನಾನು ಕೇಸ್ ಹಾಕೋಕೆ ಸಹಿ ಮಾಡಿ ಬಂದೆ ಅಮ್ಮ.”

ಮುಖ ಬಾಡಿತು. “ಅಷ್ಟು ಅವಸರ ಏನಿತ್ತು ಕಣೇ?”

ಕೋಣೆಗೆ ಬಂದು ಕೂತೆ. ಅವಸರವಂತೆ. ನನಗೀಗ ಮೂವತ್ತೇಳು. ಕೇಸು ಮುಗಿಯುವಷ್ಟರಲ್ಲಿ ಅಮರೇಶ ಇನ್ನೂ ಕಾಯುತ್ತಿರುತ್ತಾನೋ ಇಲ್ಲವೋ.