ಮಸಿಗೊಂದು ಟೋಪಿ

ಜುಲೈ ೮, ಬೆಳಿಗ್ಗೆ

ಕುದುರೆಗೆ ಬೂಸಾ ನೆನೆಸಿ ಗಂಜಿಯ ಹದಕ್ಕೆ ತಂದೆ. ಮಸಿ ಇವತ್ತೂ ಬಲದವಡೆಯಲ್ಲಷ್ಟೇ ಅಗಿದಳು. ಉಳಿದದ್ದು ಎಡಗೆನ್ನೆಯೊಳಗೆ ಗಂಟು ಕಟ್ಟಿತ್ತು. ಬೆರಳು ಹಾಕಿ ತೆಗೆದೆ. ಕಚ್ಚಲಿಲ್ಲ. ಕಚ್ಚಿದ್ದರೆ ಸಂತೋಷವಾಗುತ್ತಿತ್ತು.

ಎಡಗಣ್ಣಿಗೆ ಮುಲಾಮು. ರೆಪ್ಪೆ ಮುಚ್ಚುವುದಿಲ್ಲವಲ್ಲ, ಒಣಗಿ ಹುಣ್ಣಾದೀತು ಅಂದಿದ್ದಾರೆ ಡಾಕ್ಟರಮ್ಮ. ಎಡಗಿವಿ ಒದ್ದೆ ಬಟ್ಟೆಯ ಹಾಗೆ ಜೋತಿದೆ. ತಲೆ ಒಂದು ಕಡೆ ವಾಲಿಸಿಕೊಂಡೇ ನಿಲ್ಲುತ್ತಾಳೆ — ಯಾರದೋ ಮಾತು ಸರಿಯಾಗಿ ಕೇಳಿಸದವಳ ಹಾಗೆ.

ಹೋದ ವಾರ ಹೊರಗೆ ಲಾರಿಯ ಟೈರು ಒಡೆದ ಸದ್ದು. ಹೆದರಿ ಮುಂಗಾಲೆತ್ತಿದಳು, ಹಿಂದಕ್ಕೆ ಮಗುಚಿದಳು, ನೆತ್ತಿ ಸಿಮೆಂಟಿಗೆ ಬಡಿಯಿತು. ಅಷ್ಟೇ ನಡೆದದ್ದು. ಅಕ್ಕ ತೀರಿಕೊಂಡು ಇನ್ನೂ ತಿಂಗಳಾಗಿರಲಿಲ್ಲ. ಮಸಿ ಅಕ್ಕನ ಕುದುರೆ. ಮರಿಯಾಗಿದ್ದಾಗ ತಂದದ್ದು, ಪಳಗಿಸಿದ್ದು, ಊರಿನ ಮಕ್ಕಳನ್ನೆಲ್ಲ ಮೇಲೆ ಕೂರಿಸಿ ಸವಾರಿ ಕಲಿಸಿದ್ದು... ಎಲ್ಲ ಅಕ್ಕ.

ನನ್ನ ಸೋಫಾ ಹೊಲಿಯುವ ಅಂಗಡಿಗೆ ಬೀಗ ಹಾಕಿ ಇಲ್ಲೇ ಭಾವನ ಮನೆಯ ಲಾಯದಲ್ಲಿದ್ದೇನೆ. ಯಾರದೋ ಸೋಫಾ ಹೊಟ್ಟೆ ಬಿಚ್ಚಿಕೊಂಡು ಬಿದ್ದಿದೆ ಅಲ್ಲಿ. ಬಿದ್ದಿರಲಿ.

ಜುಲೈ ೯

ಲಾಯದ ಗೋಡೆಗೆಲ್ಲ ಫೋಮ್ ಹೊಡೆದು ಮೇಲೆ ರೆಕ್ಸಿನ್ ಮುಚ್ಚಿದೆ. ತಲೆ ತಿರುಗಿ ಹೋಗಿ ಗುದ್ದಿದರೂ ನೋವಾಗಬಾರದು. ಭಾವ ಬಾಗಿಲಲ್ಲಿ ನಿಂತು ನೋಡಿದರು.

"ಏನಪ್ಪಾ, ಒಂದು ದಿಂಬು ಇಟ್ರೆ ನಾನೇ ಬಂದು ಮಲಗ್ತೀನಿ."

"ಬನ್ನಿ ಭಾವ. ಗೊರಕೆ ಹೊಡೀಬಾರದು ಅಷ್ಟೆ. ಅವಳಿಗೆ ಸದ್ದು ಆಗಲ್ಲ."

ನಗಲಿಲ್ಲ. ರೆಕ್ಸಿನ್ ಒತ್ತಿ ನೋಡುತ್ತ ಹೇಳಿದರು. "ಡಾಕ್ಟರಮ್ಮ ಮುಂದಿನ ಶುಕ್ರವಾರ ಬರ್ತಾರೆ. ಅಷ್ಟರಲ್ಲಿ ಮಸಿ ತಾನಾಗಿ ನಡೆದು ತೊಟ್ಟಿಗೆ ಹೋಗಿ ನೀರು ಕುಡಿದ್ರೆ ಸರಿ. ಇಲ್ಲಾಂದ್ರೆ ಕೊನೇ ಇಂಜೆಕ್ಷನ್. ನಾನು ಹೂಂ ಅಂದಿದೀನಿ."

"ನೀವು ಹೂಂ ಅಂದ್ರಾ?"

"ನರಳೋದನ್ನ ಒಂದ್ಸಲ ಕೂತು ನೋಡಿದೀನಿ. ಇನ್ನೊಂದ್ಸಲ ನನ್ನ ಕೈಲಿ ಆಗಲ್ಲ ಮಾರಾಯ."

ಜಗಳ ಆಡಲಿಲ್ಲ. ಮೊಳೆ ಹೊಡೆದೆ. ಅವರು ಹೂಂ ಅಂದರೆ ಅನ್ನಲಿ. ನಾನು ಅಂದಿಲ್ಲ.

ಜುಲೈ ೧೧

ಮುಲಾಮಿಗೆ ಕೈ ತಂದರೆ ತಲೆ ಒದರುತ್ತಾಳೆ, ಒದರಿದ ರಭಸಕ್ಕೆ ತಾನೇ ತೂರಾಡುತ್ತಾಳೆ. ಅಕ್ಕನ ಉಪಾಯ ನೆನಪಾಯಿತು. ಲಾಳ ಹೊಡೆಸುವಾಗ, ಸೂಜಿ ಚುಚ್ಚಿಸುವಾಗ ತನ್ನ ಶಾಲು ತೆಗೆದು ಮಸಿಯ ಕಣ್ಣ ಮೇಲೆ ಹಾಕುತ್ತಿದ್ದಳು. ಮಸಿ ಕಲ್ಲಿನ ಹಾಗೆ ನಿಲ್ಲುತ್ತಿದ್ದಳು.

ಭಾವನನ್ನು ಕೇಳಿದೆ. ಬೀರು ತೆಗೆದರು. ಅಕ್ಕ ಹೋದ ಮೇಲೆ ಇದೇ ಮೊದಲು. ಶಾಲು ಕೈಗೆ ಕೊಟ್ಟು ಬೇರೆ ಕಡೆ ನೋಡಿದರು.

"ಒಗೆದಿಲ್ಲ. ಒಗೀಬೇಡ."

ಜುಲೈ ೧೨, ಬೆಳಿಗ್ಗೆ

ಶಾಲು ಹಾಕಿದೆ. ಬಿದ್ದಳು.

ಅದೇ ದಿನ, ಸಂಜೆ

ಮೊದಲು ಮೂಸಿದಳು. ಗುರುತು ಸಿಕ್ಕಿತು, ಉಸಿರು ಇಳಿಯಿತು. ಆಮೇಲೆ ಕಾಲು ನಾಲ್ಕೂ ನಾಲ್ಕು ದಿಕ್ಕಿಗೆ ಹೋದವು. ನೆಲವನ್ನೇ ಯಾರೋ ಎಳೆದುಕೊಂಡ ಹಾಗೆ. ತಲೆ ಫೋಮಿಗೆ ತಗುಲಿತು, ಪುಣ್ಯ.

ಡಾಕ್ಟರಮ್ಮ ಫೋನಿನಲ್ಲಿ ಸರಿಯಾಗಿ ಬೈದರು. "ಯಾರ್ರೀ ಕಣ್ಣು ಮುಚ್ಚೋಕೆ ಹೇಳಿದ್ದು? ಕಿವಿ ಒಳಗೆ ಪೆಟ್ಟಾಗಿ ಅದಕ್ಕೆ ಮೇಲ್ಯಾವುದು ಕೆಳಗ್ಯಾವುದು ಗೊತ್ತಾಗ್ತಿಲ್ಲ. ಕಣ್ಣಲ್ಲಿ ನೆಲ ನೋಡ್ಕೊಂಡು ನಿಂತಿತ್ತು. ಅದನ್ನೂ ಕಿತ್ಕೊಂಡ್ರಾ?"

ಚೆನ್ನಾಗಿದ್ದಾಗ ಧೈರ್ಯ ಕೊಡುತ್ತಿದ್ದದ್ದು ಅದೇ ಶಾಲು.

ಏಳುತ್ತಿಲ್ಲ. ಒಂದೇ ಮಗ್ಗುಲಲ್ಲಿ ಬಿಟ್ಟರೆ ಅವಳ ಭಾರಕ್ಕೇ ಅವಳು ಹೋಗುತ್ತಾಳಂತೆ. ತಿರುಗಿಸುತ್ತಲೇ ಇರಬೇಕು. ಕತ್ತಲೆಯಂತೂ ಕೂಡದು.

ಭಾವ ಉದ್ದದ ವೈರು, ಬಲ್ಬು ಹಿಡಿದುಕೊಂಡು ಬಂದರು. ಅವರ ಮಲಗುವ ಕೋಣೆಯದು. ಹೋಲ್ಡರ್ ಸಮೇತ ಬಿಚ್ಚಿದ್ದರು.

"ನಿಮಗೆ ಬೇಡ್ವಾ ಭಾವ?"

"ನಾನೇನು ಬೀಳ್ತೀನಾ?"

ಜುಲೈ ೧೫

ಬರೆಯಲು ಬಿಡುವಿರಲಿಲ್ಲ.

ಸೋಫಾದ ತಳಕ್ಕೆ ಹೆಣೆಯುವ ಅಗಲ ಪಟ್ಟಿಯನ್ನು ಹೊಟ್ಟೆಯಡಿ ತೂರಿಸಿ ಮಗ್ಗುಲು ಬದಲಿಸಿದೆವು. ನಾನು ನೂಕುವುದು, ಭಾವ ಎಳೆಯುವುದು.

"ಎಳೀರಿ ಭಾವ."

"ಎಳೀತಾ ಇದೀನಲ್ಲೋ! ನಿಮ್ಮಕ್ಕನ ಕುದುರೆ ನಿಮ್ಮಕ್ಕನ ಥರಾನೇ. ಏಳಲ್ಲ ಅಂದ್ರೆ ಏಳಲ್ಲ."

ಇಬ್ಬರಿಗೂ ನಗು ಬಂತು. ಭಾವನದು ನಡುವೆ ನಿಂತುಹೋಯಿತು. ಪಟ್ಟಿಯನ್ನು ಮಾತ್ರ ಬಿಡಲಿಲ್ಲ.

ಎದ್ದರೂ ಮತ್ತೆ ಬೀಳುವವಳೇ ಅಂತ ತಲೆಗೊಂದು ಟೋಪಿ ಹೊಲಿದೆ. ಮೇಲೆ ರೆಕ್ಸಿನ್, ನಡುವೆ ದಪ್ಪ ಫೋಮ್. ಕಣ್ಣಿಗೆ ಏನೂ ಅಡ್ಡ ಬರದ ಹಾಗೆ, ಕಿವಿಗೆ ತೂತು ಬಿಟ್ಟು. ಒಳಗಡೆ ಚರ್ಮಕ್ಕೆ ತಗುಲುವಲ್ಲಿ ಮೆತ್ತನೆಯದು ಬೇಕಿತ್ತು. ಶಾಲು ಹಿಡಿದು ಭಾವನ ಮುಖ ನೋಡಿದೆ.

"ಕತ್ತರಿಸು," ಅಂದು ಹೊರಗೆ ಹೋದರು.

ಎಷ್ಟೋ ವರ್ಷದ ಕಸುಬು. ಆದರೂ ಇವತ್ತು ದಬ್ಬಣ ಬೆರಳಿಗೆ ಚುಚ್ಚಿಕೊಂಡೆ.

ಟೋಪಿ ಕಟ್ಟಿ ತುಸು ಹೊತ್ತಿಗೆ ಮುಂಗಾಲು ಚಾಚಿದಳು. ನಾಯಿಯ ಹಾಗೆ ಕೂತಳು. ಕುಸಿದಳು. ಮತ್ತೆ ಚಾಚಿದಳು. ಎದ್ದಳು! ಗೋಡೆಗೆ ಒರಗಿ ನಡುಗುತ್ತ... ಆದರೆ ನಿಂತಿದ್ದಾಳೆ. ಬರೆಯುವಾಗಲೂ ನಿಂತಿದ್ದಾಳೆ.

ಜುಲೈ ೧೭

ತೊಟ್ಟಿ ಲಾಯದ ಓಣಿಯ ಆ ತುದಿಯಲ್ಲಿ. ಹೊರಗೆ ಬಿಟ್ಟರೆ ಎಡಕ್ಕೆ ಸುತ್ತು ಹೊಡೆಯುತ್ತಾಳೆ, ಗಾಣ ತಿರುಗಿದ ಹಾಗೆ. ಓಣಿಯ ಎರಡೂ ಕಡೆ ಹುಲ್ಲಿನ ಪೆಂಡಿ ಒಟ್ಟಿ ಇಕ್ಕಟ್ಟು ಮಾಡಿದೆ. ಆಗ ನೇರ ಬಂದಳು. ಅರ್ಧಕ್ಕೆ ನಿಂತಳು. ಮುಂದಕ್ಕೆ ಒಂದು ಹೆಜ್ಜೆಯೂ ಇಲ್ಲ. ಬೆಳಿಗ್ಗೆಯೂ ಹಾಗೇ, ಸಂಜೆಯೂ ಹಾಗೇ.

ನಾಳೆ ಶುಕ್ರವಾರ. ಭಾವನೂ ಬಾಗಿಲಲ್ಲಿ ನಿಂತು ನೋಡಿದ್ದಾರೆ.

ಜುಲೈ ೧೮, ಮಧ್ಯಾಹ್ನ

ಡಾಕ್ಟರಮ್ಮ ಬಂದರು. ಔಷಧಿ ಪೆಟ್ಟಿಗೆಯನ್ನು ಪೆಂಡಿಯ ಮೇಲಿಟ್ಟರು. ಟೋಪಿ ನೋಡಿ, "ಇದೇನ್ರೀ, ಬೈಕ್ ಓಡಿಸುತ್ತಾ?" ಅಂದರು. ನಾನು ನಗುವ ಸ್ಥಿತಿಯಲ್ಲಿರಲಿಲ್ಲ.

ಹಗ್ಗ ಬಿಚ್ಚಿದೆ. ಅರ್ಧ ಓಣಿ ಬಂದು ಅದೇ ಜಾಗದಲ್ಲಿ ನಿಂತಳು. ಕರೆದೆ. ಊಹೂಂ. ಡಾಕ್ಟರಮ್ಮ ಕಾದರು. ಮತ್ತೆ ಕಾದರು. ಕೈ ಪೆಟ್ಟಿಗೆಯ ಕಡೆ ಹೋಯಿತು.

ಭಾವ ತೊಟ್ಟಿಯ ಹತ್ತಿರ ಹೋದರು. ಅಂಗಿಯ ತೋಳು ಮಡಚಿ ಅಂಗೈಯಿಂದ ನೀರು ತಟ್ಟಿದರು — ಅಕ್ಕ ತಟ್ಟುತ್ತಿದ್ದ ಹಾಗೆ. ಇವರು ಯಾವಾಗ ಗಮನಿಸಿದ್ದರೋ! ಕುದುರೆಯ ಹತ್ತಿರವೇ ಸುಳಿಯುತ್ತಿರಲಿಲ್ಲ.

ಮಸಿ ಒಂದು ಕಾಲು ಎತ್ತಿ ಇಟ್ಟಳು. ಪೆಂಡಿಗೆ ಒರಗಿದಳು. ಇನ್ನೊಂದು. ಹೋದಳು. ಮೂತಿ ಅದ್ದಿದಳು. ಕುಡಿದಳು.

"ಅರ್ಧ ಚೆಲ್ತಾ ಇದೆ," ಅಂದರು ಡಾಕ್ಟರಮ್ಮ. ಎಡದ ತುಟಿಯಿಂದ ಸೋರುತ್ತಿತ್ತು.

"ಚೆಲ್ಲಲಿ ಡಾಕ್ಟರಮ್ಮ. ನಲ್ಲೀಲಿ ನೀರಿದೆ." ಭಾವ.

"ಸವಾರಿಗೆ ಇನ್ನು ಬರಲ್ಲ. ತಲೆ ವಾಲೋದೂ ಪೂರ್ತಿ ಹೋಗ್ದೇ ಇರಬಹುದು."

"ವಾಲ್ಕೊಂಡೇ ಇರಲಿ. ನಾವೇನು ನೆಟ್ಟಗಿದೀವಾ?"

ಪೆಟ್ಟಿಗೆ ತೆರೆಯಲೇ ಇಲ್ಲ. ಹಾಗೇ ಜೀಪಿಗೆ ವಾಪಸ್ಸು.

ಜುಲೈ ೨೭, ಬೆಳಿಗ್ಗೆ

ಆ ಸೋಫಾವನ್ನು ಲಾಯಕ್ಕೇ ತರಿಸಿ ಹೊಲಿಯುತ್ತಿದ್ದೇನೆ. ಮಸಿ ರೆಕ್ಸಿನ್ ಚೂರು ಬಾಯಿಗೆ ಹಾಕಿಕೊಂಡಳು. ಕಿತ್ತುಕೊಳ್ಳಲು ಹೋದರೆ ಕಚ್ಚಿದಳು. ಚೆನ್ನಾಗೇ ಕಚ್ಚಿದಳು. ಬರೆಯುವ ಕೈಗೇ, ಹಾಗಾಗಿ ಅಕ್ಷರ ಸೊಟ್ಟ.

ಭಾವ ಅವಳ ಎಡಕ್ಕೆ ನಿಂತು ಕಸ ಗುಡಿಸುತ್ತಿದ್ದಾರೆ. ಗುಡಿಸಿದ ಜಾಗವನ್ನೇ ಗುಡಿಸುತ್ತಿದ್ದಾರೆ. ನಾನು ನೋಡುತ್ತಿಲ್ಲ ಅಂದುಕೊಂಡು ನಾಲಿಗೆಯಿಂದ ಲೊಚಗುಟ್ಟುತ್ತಾರೆ, ಅಕ್ಕನ ಹಾಗೆ. ಬರುವುದಿಲ್ಲ ಅವರಿಗೆ, ಹಲ್ಲಿಯ ಸದ್ದಾಗುತ್ತದೆ. ಮತ್ತೆ ಮಾಡಿದರು.

ಟೋಪಿಯ ತೂತಿನಲ್ಲಿ ಜೋತಿದ್ದ ಎಡಗಿವಿ ಅಲುಗಿತು... ಗಾಳಿಯಿರಬೇಕು. ಇಲ್ಲ, ಗಾಳಿಯಿಲ್ಲ. ಭಾವ ಪೊರಕೆ ಬಿಟ್ಟು ನಿಂತಿದ್ದಾರೆ. ಇನ್ನೊಮ್ಮೆ ಮಾಡಿ ಭಾವ, ಇನ್ನೊಮ್ಮೆ —