ನಡೆದರೆ ಮಾತ್ರ ತಾಳ

ಮಾರ್ಚ್ 3, ಸೋಮವಾರ

ಡ್ರಮ್ಮು ಬಿಗಿ ಮಾಡಿದ್ದಾಯಿತು. ಬೆಲ್ಟಿಗೆ ಎಣ್ಣೆ. ಮೀಸೆಗೂ ಸ್ವಲ್ಪ. ನಾಳೆಯಿಂದ ಅಕ್ಕನ ಮಗಳ ರ‍್ಯಾಪ್ ಆಲ್ಬಮ್ಮಿನ ಮೊದಲ ಹಾಡಿಗೆ ನುಡಿಸಬೇಕು. ಅವಳಿಗೆ ಗುಂಡುಸೂಜಿ ಅಂತ ಹೆಸರಿಟ್ಟವನು ನಾನೇ — ಸಣ್ಣಗಿದ್ದಾಳೆ, ಬಾಯಿ ತೆಗೆದರೆ ಚುಚ್ಚುತ್ತಾಳೆ. ಕಂಪ್ಯೂಟರಿನ ತಾಳ ಬೇಡವಂತೆ. ಎಲ್ಲವನ್ನೂ ಮನುಷ್ಯರೇ ನುಡಿಸಬೇಕು, ಒಂದೇ ಕೋಣೆಯಲ್ಲಿ, ಒಟ್ಟಿಗೆ. ಯಾರು ತಪ್ಪಿದರೂ ಮೊದಲಿಂದ. ಹಾಗಾದರೆ ನನ್ನನ್ನು ಬಿಟ್ಟು ಇನ್ಯಾರು? ಬ್ಯಾಂಡ್‌ಸೆಟ್ಟಿನವನು ನಾನು, ಈ ಊರಿನ ಅರ್ಧ ಮೆರವಣಿಗೆಗಳು ನನ್ನ ಹೊಟ್ಟೆಯ ಹಿಂದೆ ನಡೆದಿವೆ. ಓದಿದ್ದು ಹಳ್ಳಿ ಶಾಲೆಯ ಏಳನೇ ಕ್ಲಾಸು, ತಾಳದಲ್ಲಿ ಮಾತ್ರ ನಾನೇ ಹೆಡ್‌ಮಾಸ್ತರು.

ಅಕ್ಕ ಲಾಂಡ್ರಿಯಲ್ಲಿ ಒಗೆತ, ಇಸ್ತ್ರಿ ಮುಗಿಸಿ ಬಂದು ಕಾಲು ಚಾಚಿ ಕೂತಿದ್ದಳು. ಮಗಳು ಹಾಡುತ್ತಾಳೋ, ಯಾರಿಗೋ ಬೈಯುತ್ತಾಳೋ ತನಗೆ ತಿಳಿಯದು ಅಂದಳು. ಒಂದೇ ಸಲಕ್ಕೆ ಮುಗಿಸಿ ಊಟಕ್ಕೆ ಬರುತ್ತೇನೆ ಅಂದೆ.

ಮಾರ್ಚ್ 4

ಊಟಕ್ಕೆ ಹೋಗಲಿಲ್ಲ.

ಸ್ಟೂಲಿನ ಮೇಲೆ ಕೂರಿಸಿದರು. ಕಿವಿಗೆ ಹೆಡ್‌ಫೋನು, ಅದರೊಳಗೆ ಟಿಕ್ ಟಿಕ್. ಅದರ ಜೊತೆಗೇ ಬಡಿಯಬೇಕಂತೆ. ಬಡಿದೆ, ಮುಂದೆ ಓಡಿದೆ. ಮತ್ತೆ ಬಡಿದೆ, ಹಿಂದೆ ಬಿದ್ದೆ. ಗಿಟಾರಿನ ಹುಡುಗ ನೆಲ ನೋಡಿದ. ಟ್ರಂಪೆಟ್ಟಿನವಳು ತುಟಿ ಒರೆಸಿಕೊಂಡಳು. ರೆಕಾರ್ಡಿಂಗ್ ಮಾಡುವವನು ಗಾಜಿನ ಆಚೆಯಿಂದ, ಬಲು ಮರ್ಯಾದೆಯಾಗಿ, ಡ್ರಮ್ಮೊಂದನ್ನು ಕಂಪ್ಯೂಟರಿನದು ಹಾಕಿಬಿಡೋಣ, ಕೇಳುವವರಿಗೆ ಗೊತ್ತಾಗುವುದಿಲ್ಲ ಅಂದ.

"ನಂಗೆ ಗೊತ್ತಾಗತ್ತೆ" ಅಂದಳು ಗುಂಡುಸೂಜಿ.

ಆದರೆ ಮೆಟ್ಟಿಲಿಳಿಯುವಾಗ ನನ್ನ ಕಡೆ ನೋಡದೆ ಹೇಳಿದಳು. "ಶುಕ್ರವಾರದಿಂದ ರೂಮು ಬೇರೆಯವರಿಗೆ, ಮಾವ. ಗುರುವಾರದೊಳಗೆ ಆಗ್ಲಿಲ್ಲಾಂದ್ರೆ ಮಷೀನೇ."

ಸ್ಟೂಲು ಸರಿಯಿರಲಿಲ್ಲ.

ಮಾರ್ಚ್ 5

ಸ್ಟೂಲು ಬದಲಾಯಿಸಿದರು. ತಪ್ಪು ಸ್ಟೂಲಿನದಲ್ಲ.

ಮಾರ್ಚ್ 6, ಗುರುವಾರ, ಸಂಜೆ

ಎಲ್ಲಿಂದ ಬರೆಯಲಿ...

ಬೆಳಗ್ಗೆ ಡ್ರಮ್ಮು ಕಟ್ಟಿಕೊಂಡು ಹೊರಟೆ. ವಾಪಸು ತರಲಿಕ್ಕೇ ಒಯ್ಯುತ್ತಿದ್ದೇನೆ ಅಂತ ಒಳಗೆ ಅನಿಸಿತ್ತು. ಸುಮ್ಮನೆ ಬಡಿಯುತ್ತಾ ನಡೆದೆ. ಪಕ್ಕದಲ್ಲಿ ಗುಂಡುಸೂಜಿ, ತನ್ನ ಸಾಲುಗಳನ್ನು ಬಾಯಲ್ಲೇ ಮೆಲ್ಲುತ್ತಾ. ಬ್ಯಾಂಕಿನ ಮುಂದೆ ಥಟ್ಟನೆ ನಿಂತಳು. ಇಷ್ಟು ದೂರ ಒಂದು ಪೆಟ್ಟೂ ತಪ್ಪಿಲ್ಲ ಅಂದಳು.

"ಮಾವ, ಜನ್ಮದಲ್ಲಿ ಯಾವತ್ತಾದ್ರೂ ಕೂತು ಬಡಿದಿದೀಯಾ?"

ಯೋಚಿಸಿದೆ. ಇಲ್ಲ. ನನ್ನ ತಾಳ ಕೈಯಲ್ಲಿ ಇರುವುದೇ ಅಲ್ಲ, ಪಾದದಲ್ಲಿ. ಇಷ್ಟು ವರ್ಷ ಹೊತ್ತವನಿಗೇ ಗೊತ್ತಿರಲಿಲ್ಲ.

ಹೋದವಳೇ ಸ್ಟೂಲು ಆಚೆ ಹಾಕಿಸಿದಳು. ಟಿಕ್ ಟಿಕ್ ಬಂದ್. ಮೈಕು ನಡುವೆ. ಸದ್ದಾಗಬಾರದೆಂದು ನನ್ನ ಶೂ ಬಿಚ್ಚಿಸಿದಳು (ಕಾಲುಚೀಲದ ತೂತು ಎಲ್ಲರೂ ನೋಡಿದರು, ನೋಡಲಿ). ನಾನು ಕೋಣೆಯ ಸುತ್ತ ನಡೆಯುವುದು, ಉಳಿದವರು ನನ್ನ ಪಾದ ನೋಡಿ ನುಡಿಸುವುದು. ಡ್ರಮ್ಮಿನ ಸದ್ದು ಹತ್ತಿರ ಬಂದು ದೂರ ಹೋಗುತ್ತದಲ್ಲ ಅಂದ ರೆಕಾರ್ಡಿಂಗ್‌ನವನು. ಬ್ಯಾಂಡು ಬರುವುದೂ ಹೋಗುವುದೂ ಹಾಗೇ ಅಂದಳು.

ನಡೆದೆ. ಗಿಟಾರು ನೆಲದಡಿಯಿಂದ ಎದ್ದಿತು. ಅವಳು ಬಾಯಿ ತೆಗೆದಳು.

ಈ ಹುಡುಗಿಗೆ ತೊಟ್ಟಿಲು ತೂಗಿದವನು ನಾನು. ಇವಳೊಳಗೆ ಇದು ಎಲ್ಲಿತ್ತು? ಉಸಿರೇ ತೆಗೆದುಕೊಳ್ಳದೆ, ಹಲ್ಲು ಕಚ್ಚಿ, ಒಂದೊಂದು ಮಾತೂ ನನ್ನ ಒಂದೊಂದು ಹೆಜ್ಜೆಯ ಮೇಲೆ —

ನಿನ್ನ ಕಾಲರು ಗರಿಗರಿ
ನಮ್ಮಮ್ಮನ ಬೆರಳು ಸುಟ್ಟ ಕರಿ

ಅಕ್ಕನ ಬೆರಳು. ದಿನಾ ನೋಡುತ್ತೇನೆ. ನೋಡಿರಲಿಲ್ಲ. ತಲೆ ತಗ್ಗಿಸಿ ನಡೆಯುತ್ತಿದ್ದವನು ಇವಳ ಮುಖವನ್ನೊಮ್ಮೆ ನೋಡೋಣ ಅಂತ ಕತ್ತೆತ್ತಿದೆ. ಕಂಡದ್ದು ಅವಳ ಹಿಂದೆ, ಗಾಜಿನ ಮೇಲೆ, ರೆಕಾರ್ಡಿಂಗ್ ನಡೆಯುವಾಗ ಉರಿಯುವ ಕೆಂಪು ದೀಪ.

ರಸ್ತೆಯಲ್ಲಿ ಬೆಳೆದ ಕಾಲು. ಕೆಂಪು ಕಂಡಿತು, ನಿಂತುಬಿಟ್ಟಿತು. ಕೈಯೂ ನಿಂತಿತು. ನನ್ನ ಪಾದ ನೋಡುತ್ತಿದ್ದ ಗಿಟಾರು, ಟ್ರಂಪೆಟ್ಟು, ಎಲ್ಲ ಒಟ್ಟಿಗೆ ಕಡಿದುಹೋದವು. ಸತ್ತೆ ಅಂದುಕೊಂಡೆ.

ಅವಳು ನಿಲ್ಲಲಿಲ್ಲ. ಆ ಮೌನದೊಳಗೆ, ಮೆಲ್ಲಗೆ, ಮಾತಾಡುವ ದನಿಯಲ್ಲಿ:

"ದಿನಾ ನಿನ್ನ ಕೊಳೆ ಒಗೀತಾಳೆ. ಅವಳ ಹೆಸರು ಕೇಳಿದೀಯಾ?"

ಆಮೇಲೆ ನನ್ನ ಪಾದ ತಾನೇ ಎದ್ದಿತು. ಎಲ್ಲರೂ ಅದರ ಮೇಲೇ ಬಿದ್ದರು.

ಮುಗಿದ ಮೇಲೆ ಕೆಂಪು ದೀಪದ ಕಥೆ ಒಪ್ಪಿಸಿದೆ. ಟ್ರಂಪೆಟ್ಟಿನವಳು ನಕ್ಕೂ ನಕ್ಕೂ ಕೂತುಬಿಟ್ಟಳು. ರೆಕಾರ್ಡಿಂಗ್‌ನವನು ಮತ್ತೊಮ್ಮೆ ಮಾಡೋಣವೇ ಅಂತ ಕೇಳಿದ.

"ಇದನ್ನ ಮುಟ್ಟಬೇಡಿ" ಅಂದಳು. ನನ್ನ ಮಣಿಕಟ್ಟು ಹಿಡಿದುಕೊಂಡಿದ್ದಳು.

ಮಾರ್ಚ್ 16, ಭಾನುವಾರ, ಬೆಳಗ್ಗೆ

ಹಾಡು ತಯಾರಾಗಿ ಮನೆಗೆ ಬಂತು. ಗುಂಡುಸೂಜಿ ಮೇಜಿನ ಮೇಲೆ ಸ್ಪೀಕರಿಟ್ಟಳು, ತಾನು ಬಾಗಿಲ ಹತ್ತಿರ ಹೋಗಿ ನಿಂತಳು. ಇಷ್ಟು ಗಟ್ಟಿಗಿತ್ತಿಗೂ ತಾಯಿಯ ಮುಂದೆ ಭಯ. ಮಧ್ಯೆ ನಿಲ್ಲಿಸುವ ಐಡಿಯಾ ನನ್ನದೇ ಅಂತ ಅಕ್ಕನಿಗೆ ಹೇಳಲು ನಾನು ತಯಾರಾಗಿದ್ದೆ.

ಡ್ರಮ್ಮು ದೂರದಿಂದ ಬಂತು. ಬೀದಿಯ ತುದಿಯಿಂದ ಬಂದ ಹಾಗೆ. ನಾನೇನಾ ಅದು? ಅಕ್ಕ ಬೆರಳುಗಳನ್ನು ಮಡಿಲಲ್ಲಿ ಮಡಚಿಕೊಂಡಳು. ಬೈಗುಳ ಬಂದಾಗಲೂ ಮುಖ ಎತ್ತಲಿಲ್ಲ.

ಎಲ್ಲ ನಿಂತಿತು. ಹೆಸರು ಕೇಳಿದೀಯಾ ಅಂತ ಸ್ಪೀಕರು ಕೇಳಿತು.

ಅಕ್ಕ ತನ್ನ ಹೆಸರು ಹೇಳಿದಳು. ಸಣ್ಣ ದನಿಯಲ್ಲಿ, ಪೂರ್ತಿ ಹೆಸರು, ಶಾಲೆಯಲ್ಲಿ ಹಾಜರಿ ಹೇಳಿದ ಹಾಗೆ. ನಮ್ಮಪ್ಪ ಹೋದ ಮೇಲೆ ಆ ಹೆಸರನ್ನು ಯಾರ ಬಾಯಲ್ಲೂ ನಾನು ಕೇಳಿರಲಿಲ್ಲ.