ಡ್ರಮ್ಮಿನ ಹಿಂದಿನ ದನಿ

ರಿಯೆಕಾ
೧೪ ನವೆಂಬರ್ ೨೦೦೬

ಪ್ರಿಯ ಲಿವಿಯೊ,

ನಿನ್ನ ಕಾಗದ ತಲುಪಿತು. ನಾವು ಬೇರೆಯಾಗಿ ಹದಿನಾರು ವರ್ಷಗಳಾದ ಮೇಲೆ ಇದೇ ಮೊದಲ ಕಾಗದ, ಅದರಲ್ಲಿ ಕ್ಷೇಮಸಮಾಚಾರ ಒಂದೇ ಸಾಲು. ಉಳಿದದ್ದೆಲ್ಲ ಅಪ್ಪಣೆ. ನಮ್ಮ ರೆಕಾರ್ಡು ಮತ್ತೆ ಹೊರಬರುವ ಮೊದಲು, ಮೂರನೆಯ ಹಾಡಿನ ಹಿಂದೆ ಕೇಳುವ ಆ ದನಿಯನ್ನು ತೆಗೆಸಿಬಿಡು ಎಂದಿದ್ದೀಯ. ಇವತ್ತಿಗೂ ಅದು ಕೇಳಿಸಿದರೆ ರೇಡಿಯೊ ಆರಿಸಿಬಿಡುತ್ತೀಯಂತೆ. ನಾನೂ ಹಾಗೆಯೇ ಮಾಡುತ್ತೇನೆ.

ಹೊಸ ಅಲೆಯ ರಾಕ್ ಸಂಗೀತದ ಹುಚ್ಚು ಊರಿಗೆಲ್ಲ ಹಿಡಿದಿದ್ದ ಆ ದಿನಗಳು ನೆನಪಿವೆಯೇ? ಹಡಗುಕಟ್ಟೆಯ ಕಾರ್ಮಿಕರ ಸಭಾಂಗಣದಲ್ಲಿ ನಾವು ಮೂವರು: ನಿನ್ನ ಗಿಟಾರು, ನನ್ನ ಡ್ರಮ್ಮು, ವೆದ್ರಾನನ ಹಾಡು. ನಮ್ಮ ಗುಂಪಿಗೆ 'ಏಳನೇ ಕ್ರೇನ್' ಅಂತ ಹೆಸರಿಟ್ಟವನೂ ಅವನೇ. "ಏ ಅಲಿದಾ, ಡ್ರಮ್ ಬಾರಿಸ್ತಿದೀಯೋ, ಬಟ್ಟೆ ಒಗೀತಿದೀಯೋ?" ಎಂದು ಮೈಕಿನಲ್ಲೇ ರೇಗಿಸುತ್ತಿದ್ದ, ಜನ ಬಿದ್ದು ಬಿದ್ದು ನಗುತ್ತಿದ್ದರು. ಎರಡೇ ವರ್ಷಕ್ಕೆ ಜಾಗ್ರೆಬ್‌ನಿಂದ ರೆಕಾರ್ಡ್ ಕಂಪನಿಯವರು ನಮ್ಮನ್ನು ಹುಡುಕಿಕೊಂಡು ಬಂದರು.

ಅದೇ ವಾರ ಅವನಿಗೆ ಸೈನ್ಯದ ಕರೆ ಬಂತು. ಹದಿನೈದು ತಿಂಗಳು. ಬೀಳ್ಕೊಡುವ ಊಟದಲ್ಲಿ ತಲೆ ಬೋಳಿಸಿಕೊಂಡು ಕೂತಿದ್ದ ಅವನಿಗೆ ನಾವು ಮಾತು ಕೊಟ್ಟೆವು. ನಮ್ಮೂರಿನ ವಾದ್ಯಗುಂಪುಗಳಲ್ಲಿ ಅದೇ ಪದ್ಧತಿ: ಸೈನ್ಯಕ್ಕೆ ಹೋದವನ ಜಾಗ ಅವನದೇ. ಅವನು ಬರುವವರೆಗೆ ಅವನ ಮೈಕಿನ ಕಂಬ ವೇದಿಕೆಯ ಮೇಲೆ ಖಾಲಿ ನಿಂತಿರಬೇಕು. ರೈಲು ಹತ್ತುವ ಮುಂಚೆ ನಾಲ್ಕು ದಿನದಲ್ಲಿ ರೆಕಾರ್ಡಿನ ಒಂಬತ್ತು ಹಾಡನ್ನೂ ಸ್ಟುಡಿಯೊದಲ್ಲಿ ಹಾಡಿಟ್ಟು ಹೋದ, ಎಲ್ಲರೂ ಒಂದೇ ಕೋಣೆಯಲ್ಲಿ ನಿಂತು.

ಆಮೇಲೆ ಕಂಪನಿಯವರು ಪಟ್ಟು ಹಿಡಿದರು. ವೇದಿಕೆಯ ಮೇಲೆ ಇಲ್ಲದವನ ದನಿ ರೆಕಾರ್ಡಿನಲ್ಲಿ ಯಾಕೆ, ವಸಂತದೊಳಗೆ ನೀನು ಹಾಡದಿದ್ದರೆ ಒಪ್ಪಂದವೇ ಇಲ್ಲ ಎಂದರು. ನೀನು, "ಬೇಡ ಕಣೇ, ಕಾಯೋಣ. ಅವನಿಗೆ ಏನಂತ ಮುಖ ತೋರಿಸ್ಲಿ?" ಎಂದೆ. ಎರಡು ವಾರವಾದ ಮೇಲೆ ಹಾಡಿದೆ. ಅವನ ದನಿಯನ್ನು ಅಳಿಸಿದರು. ಆದರೆ ನನ್ನ ಡ್ರಮ್ಮಿನ ಮುಂದಿಟ್ಟಿದ್ದ ಮೈಕುಗಳಿಗೂ ಅದು ಹೊಕ್ಕಿತ್ತು, ಮೂರನೆಯ ಹಾಡಿನಲ್ಲಿ ಎಲ್ಲಕ್ಕಿಂತ ಹೆಚ್ಚು. ನನ್ನನ್ನು ಅಳಿಸದೆ ಅವನನ್ನು ಅಳಿಸುವಂತಿರಲಿಲ್ಲ.

ರೆಕಾರ್ಡು ಗೆದ್ದಿತು, ದೇಶವೆಲ್ಲ ಸುತ್ತಿದೆವು. ಸೈನ್ಯದಿಂದ ಬಿಟ್ಟ ದಿನ ವೆದ್ರಾನ್ ಮನೆಗೂ ಹೋಗದೆ ಚೀಲ ಹೊತ್ತುಕೊಂಡೇ ನಮ್ಮ ಕಾರ್ಯಕ್ರಮಕ್ಕೆ ಬಂದ. ವೇದಿಕೆಯ ಮೇಲೆ ಇದ್ದದ್ದು ಒಂದೇ ಮೈಕು, ನಿನ್ನದು. ಎರಡು ಹಾಡು ನಿಂತು ಕೇಳಿದ. ಮೂರನೆಯದು ಶುರುವಾದಾಗ ನಿನ್ನನ್ನೊಮ್ಮೆ ನೋಡಿ ಹೊರಟುಹೋದ. ನೀನು ನಡುವೆಯೇ ಹಾಡು ನಿಲ್ಲಿಸಿದೆ. 'ಏಳನೇ ಕ್ರೇನ್' ಅಲ್ಲಿಗೆ ಮುಗಿಯಿತು. ಅವನು ಸರಕು ಹಡಗು ಸೇರಿದ. ಎರಡು ವರ್ಷದ ಮೇಲೆ ಆ ಹಡಗೂ ಇಲ್ಲ, ಅವನೂ ಇಲ್ಲ.

ನಮ್ಮ ಮದುವೆಯ ಆರು ವರ್ಷವೂ ನೀನು ಕೇಳುತ್ತಿದ್ದದ್ದು ಒಂದೇ ಮಾತು: "ಒಪ್ಪಿಕೊಂಡವನು ಯಾಕೆ ಹಾಗೆ ನೋಡ್ದ?" ನಾನು ಏಳುತ್ತಿದ್ದೆ, ಪಾತ್ರೆ ತೊಳೆಯುತ್ತಿದ್ದೆ.

ಹೋದ ವಾರ ಸ್ಟುಡಿಯೊದ ಸ್ನೇಜಾನಾ ಆ ಮೂರನೆಯ ಹಾಡಿನ ಡ್ರಮ್ಮಿನ ಟೇಪನ್ನಷ್ಟೇ ಹಾಕಿ ಕೇಳಿಸಿದಳು. ಹಾಡು ಮುಗಿದ ಮೇಲೆ ಅವನು ಮಾತಾಡುತ್ತಾನೆ, ಲಿವಿಯೊ. "ಚೆನ್ನಾಗಿ ಬಂತಾ? ವಾಪಸ್ ಬಂದ್ಮೇಲೆ ಇನ್ನೂ ಚೆನ್ನಾಗಿ ಹಾಡ್ತೀನಿ. ನನ್ನ ಮೈಕು ಮಾತ್ರ ಯಾರೂ ಮುಟ್ಟಬೇಡ್ರೋ!" ಆಮೇಲೆ ನಾನು ನಗುತ್ತೇನೆ. ನನ್ನ ಆ ನಗುವನ್ನು ಕೇಳಲಾರದೆ ಕಿವಿ ಮುಚ್ಚಿಕೊಂಡೆ.

"ಇವನ ದನೀನ ಈಗ ಕಂಪ್ಯೂಟರಲ್ಲಿ ಪೂರ್ತಿ ತೆಗೀಬಹುದು, ತೆಗೀಲಾ?" ಎಂದಳು. ಬೇಡವೆಂದೆ. ನಿನಗೆ ಕೋಪ ಬರುತ್ತದೆ, ಗೊತ್ತು. ಆದರೆ ಅವನನ್ನು ಇನ್ನೊಂದು ಸಲ ಅಳಿಸಲು ನನ್ನಿಂದಾಗದು.

ಬೆಟ್ಟದಿಂದ ಬೀಸುವ ಬೂರಾ ಚಳಿಗಾಳಿ ಶುರುವಾಗಿದೆ. ಕತ್ತಿಗೆ ಮಫ್ಲರ್ ಸುತ್ತಿಕೋ.

ನಿನ್ನ
ಅಲಿದಾ

ಮರೆತ ಮಾತು: ಇಲ್ಲ, ಮರೆತದ್ದಲ್ಲ. "ಲಿವಿಯೊ ಹಾಡಲಿ, ನನ್ನ ಒಪ್ಪಿಗೆ ಇದೆ" ಎಂದು ವೆದ್ರಾನ್ ಬ್ಯಾರಕ್ಕಿನಿಂದ ಬರೆದಿದ್ದಾನೆ ಅಂತ ನಾನು ಅಂದು ಸ್ಟುಡಿಯೊದಲ್ಲಿ ಓದಿ ಹೇಳಿದೆನಲ್ಲ, ಅದನ್ನು ನಂಬಿ ನೀನು ಹಾಡಿದೆ. ಅಂಥ ಕಾಗದ ಬಂದಿರಲೇ ಇಲ್ಲ. ನನ್ನ ಕೈಯಲ್ಲಿ ಇದ್ದದ್ದು ನಾನೇ ಅವನಿಗೆ ಬರೆದು ಇನ್ನೂ ಅಂಚೆಗೆ ಹಾಕದಿದ್ದ ಕಾಗದ: "ನಿನ್ನ ಮೈಕು ಹಾಗೇ ಇದೆ, ಬೇಗ ಬಾ."